ಉದ್ದ ಹೋಗುವವರು, ಅಡ್ಡ ಹಾಯುವವರು

ಹುನಗುಂದಕ್ಕೆ ರೈಲಿಲ್ಲ. ಬಾಗಲಕೋಟೆಯಲ್ಲಿ ಬ್ರಿಟಿಷರ ಕಾಲದಿಂದಲೂ ಗಾಡಿ ಓಡುತ್ತಿದೆ. ನೆರೆಯ ಕುಷ್ಟಗಿಗೂ 2025ರ ಮೇ ತಿಂಗಳಲ್ಲಿ ಬಂತು. ನಡುವೆ ಉಳಿದ ಈ ಸೀಮೆಗೆ ಕಡಲೆ, ಸೂರ್ಯಕಾಂತಿ, ಇಳಕಲ್ಲಿನ ಕೆಂಪು ಗ್ರಾನೈಟು, ಸೀರೆ, ಬೀಗರು, ರೋಗಿಗಳು ಎಲ್ಲರೂ ಡಾಂಬರಿನ ಮೇಲೆಯೇ ಬರಬೇಕು, ಡಾಂಬರಿನ ಮೇಲೆಯೇ ಹೋಗಬೇಕು. ಹಾಗಾಗಿ ಇಲ್ಲಿ ರಸ್ತೆ ಅಗಲವಾಗುವುದೇ ಬೇಡ ಎನ್ನುವವರು ಸಿಗುವುದು ಕಷ್ಟ. ಸಿಗುವವರ ತಕರಾರು ಬೇರೆಯದು.

ಊರಿಗೆ ಎರಡು ಹೆದ್ದಾರಿಗಳ ನಂಟಿದೆ. ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುತ್ತಿದ್ದ ಹಳೆಯ ರಾಷ್ಟ್ರೀಯ ಹೆದ್ದಾರಿ 13ರ ಮೇಲೆ ಹುನಗುಂದ ಇತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಬಂದಾಗ ಆ ರಸ್ತೆಯೇ ತುಂಡುತುಂಡಾಗಿ ಬೇರೆ ಬೇರೆ ಹೆಸರು ಪಡೆಯಿತು; ವಿಜಯಪುರದಿಂದ ಚಿತ್ರದುರ್ಗದವರೆಗಿನ ಭಾಗ 50 ಆಯಿತು. ನಂತರದ ವರ್ಷಗಳಲ್ಲಿ ಅದು ಟೋಲ್ ವಸೂಲಿಯ ಕರಾರಿನ ಮೇಲೆ ನಾಲ್ಕು ಪಥವಾಯಿತು. ವಿಜಯಪುರ–ಹುನಗುಂದ ಒಂದು ಗುತ್ತಿಗೆ, ಹುನಗುಂದ–ಹೊಸಪೇಟೆ ಇನ್ನೊಂದು. ಕರಾರಿನ ಕಾಗದದಲ್ಲಿ ಈ ಊರು ಒಬ್ಬರ ಕೆಲಸದ ಕೊನೆ, ಮತ್ತೊಬ್ಬರ ಕೆಲಸದ ಮೊದಲು. ಎರಡನೆಯ ಹೆದ್ದಾರಿ ಹಳಬರು ಇಂದಿಗೂ ರಾಯಚೂರು–ಬಾಚಿ ರಸ್ತೆ ಎನ್ನುವ ದಾರಿ. ರಾಜ್ಯ ಹೆದ್ದಾರಿ 20 ಆಗಿದ್ದದ್ದು ಈಗ ರಾಷ್ಟ್ರೀಯ ಹೆದ್ದಾರಿ 748ಎ. ಬೆಳಗಾವಿ–ಹುನಗುಂದ–ರಾಯಚೂರು ನಡುವೆ ಇದನ್ನೂ ಪ್ಯಾಕೇಜುಗಳಾಗಿ ಒಡೆದು ನಾಲ್ಕು ಪಥ ಮಾಡುವ ಯೋಜನೆ ಇದೆ. ಪಣಜಿಯಿಂದ ಹೈದರಾಬಾದಿಗೆ ನೆಟ್ಟಗೆ ಹೋಗುವ ಕಾರಿಡಾರಿನ ಭಾಗ ಅದು.

ಈ ಎರಡನೆಯ ರಸ್ತೆಯ ಮಾತು ಬಂದದ್ದರಿಂದಲೇ ಒಂದು ಮಧ್ಯಾಹ್ನ ಹಳೆಯ ರಸ್ತೆಯ ಖಾನಾವಳಿಯೊಂದರಲ್ಲಿ ವಾದ ಹತ್ತಿತು. ಒಬ್ಬರು ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಇಂಜಿನಿಯರು. ಇನ್ನೊಬ್ಬರು ಖಾನಾವಳಿಯ ಒಡತಿ. ನಾಲ್ವತ್ತು ದಾಟಿ ಬಹಳ ದಿನವಾಗಿರುವ, ರೊಟ್ಟಿ ಬಡಿಯುತ್ತಲೇ ಲೆಕ್ಕ ಹಾಕಬಲ್ಲ ಹೆಂಗಸು. ಆಕೆಯ ಹೊಲ ಫೋರ್‌ಲೇನಿನ ಆಚೆ ಬದಿಗಿದೆ.

“ರಸ್ತೆ ಚಲೋ ಆಗೇತಿ ಅನ್ನೂದು ಸುಳ್ಳೇನ್ರಿ ಅಕ್ಕಾರ?” ಎಂದರು ಇಂಜಿನಿಯರು. “ಮುಂಜಾನೆ ವಿಜಾಪುರದ ದವಾಖಾನಿಗೆ ಹೋದಾವ ಮಧ್ಯಾಹ್ನ ನಿಮ್ಮಲ್ಲಿ ಊಟಕ್ಕ ಬರ್ತಾನ.”

“ಉದ್ದ ಹೋಗಾವ್ರಿಗೆ ಚಲೋ ಆಗೇತಿ, ಸಾಹೇಬ್ರ. ನಾ ಅಡ್ಡ ಹಾಯಾಕಿ.”

ಇಂಜಿನಿಯರು ನಕ್ಕರು. ಆಕೆ ನಗಲಿಲ್ಲ. ನಾಲ್ಕು ಪಥದ ಹೆದ್ದಾರಿಗೆ ಸಾಮಾನ್ಯವಾಗಿ 60 ಮೀಟರು ಅಗಲದ ಜಾಗ ಹಿಡಿಯುತ್ತಾರೆ. ಮನೆಯಿಂದ ಹೊಲಕ್ಕೆ ಹೋಗಲು ಆಕೆ ದಾಟಬೇಕಾದದ್ದು ಅಷ್ಟೇ. ಆದರೆ ನಡುವೆ ಡಿವೈಡರು. ಟ್ರ್ಯಾಕ್ಟರು ದಾಟಬೇಕೆಂದರೆ ಗ್ಯಾಪು ಇರುವ ತನಕ ಹೋಗಬೇಕು, ಅಲ್ಲಿ ತಿರುಗಿಸಿಕೊಂಡು ಅಷ್ಟೇ ದೂರ ವಾಪಸ್ಸು ಬರಬೇಕು. “ಡೀಸೆಲ್ ರೊಕ್ಕ ಕೊಡಾಕಿ ನಾ. ಅದಕ್ಕ ನಮ್ಮ ಹುಡುಗ್ರು ಏನ್ ಮಾಡ್ತಾರ? ಉಲ್ಟಾ ಹೊಡೀತಾರ. ಎದುರಿಗೆ ಬಳ್ಳಾರಿ ಲಾರಿ.”

“ಉಲ್ಟಾ ಹೊಡದ್ರ ತಪ್ಪು ಯಾರ್ದು?”

“ಹೊಡದಾವಂದು. ಹೌದು. ಆದ್ರ ದಾರಿ ಕಡಿದಾವ್ರದ್ದೂ ಅಲ್ಲೇನು?”

ಇಲ್ಲಿ ಇಂಜಿನಿಯರ ಪಕ್ಷವನ್ನು ಅಲಕ್ಷಿಸುವಂತಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ನೂರಕ್ಕೆ ಎರಡರ ಆಸುಪಾಸು. ಸಾವಿನಲ್ಲಿ ಪಾಲು ನೂರಕ್ಕೆ 36. ಸತ್ತವರಲ್ಲಿ ದ್ವಿಚಕ್ರ ವಾಹನದವರೇ ಹೆಚ್ಚು, ಅವರ ನಂತರ ನಡೆದು ಹೋಗುವವರು. ನೂರರ ವೇಗದ ಕಾರು ಮತ್ತು ಹದಿನೈದರ ವೇಗದ ಟ್ರ್ಯಾಕ್ಟರು ಒಂದೇ ಸಾಲಿನಲ್ಲಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ವಿವರಣೆ ಬೇಡ. ಜನ ತಾವೇ ಡಿವೈಡರು ಒಡೆದು ಮಾಡಿಕೊಂಡ ಸಂದುಗಳಲ್ಲಿ ಆಗುವ ಅಪಘಾತಗಳನ್ನು ಹೆದ್ದಾರಿ ಬದಿಯ ಯಾವ ಊರಿನವರಾದರೂ ಬಲ್ಲರು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಇದೇ ಕಾರಣ ಹೇಳಿ 2023ರ ಆಗಸ್ಟ್ 1ರಿಂದ ಮುಖ್ಯ ಪಥಗಳಿಗೆ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಬಿಡುವುದೇ ನಿಂತಿತು.

“ಹಂಗಾಗೇ ಹೇಳೂದು,” ಎಂದರು ಇಂಜಿನಿಯರು. “ಹೆಜ್ಜೆಗೊಂದು ಗ್ಯಾಪ್ ಕೊಟ್ರ ಅದು ಹೆದ್ದಾರಿ ಆಗೂದಿಲ್ಲ, ಸಂತಿ ಬೀದಿ ಆಗತೈತಿ. 2002ರಾಗ ಒಂದು ಕಾಯ್ದೆ ಆಗೇತಿ. ರಾಷ್ಟ್ರೀಯ ಹೆದ್ದಾರಿಗೆ ಯಾರಿಗೂ ತಾನಾಗೇ ದಾರಿ ಹಕ್ಕಿಲ್ಲ. ಪೆಟ್ರೋಲ್ ಬಂಕ್ ಇರ್ಲಿ, ಧಾಬಾ ಇರ್ಲಿ, ಪರವಾನಿಗಿ ತಗೊಂಡ ಬರಬೇಕು.”

“ಬಂಕಿನವ್ರು ತಗೋತಾರ್ರಿ. ಅವರಿಗೆ ವಕೀಲ್ರು ಅದಾರ. ನನ್ನ ಹೊಲಕ್ಕ ದಾರಿ ನಮ್ಮ ಅತ್ತಿ ಕಾಲದಿಂದ ಇತ್ತು. ಪರವಾನಿಗಿ ಯಾರು ಕೊಟ್ಟಿದ್ರು ಆಗ? ಎತ್ತು ಕೊಟ್ಟಿದ್ವು.”

ಮಾತು ಇಲ್ಲಿಂದ ಲೆಕ್ಕದ ಕಡೆ ತಿರುಗಿತು, ಮತ್ತು ಆ ಮಧ್ಯಾಹ್ನದ ಅತ್ಯಂತ ಉಪಯುಕ್ತ ಸಂಗತಿ ಹೊರಬಿದ್ದದ್ದು ಇಲ್ಲಿಯೇ. ರಸ್ತೆ ಎಷ್ಟು ಅಗಲ ಬೇಕು ಎಂದು ತೀರ್ಮಾನಿಸುವ ಮೊದಲು ವಾಹನ ಎಣಿಸುತ್ತಾರೆ. ರಸ್ತೆಯ ಪಕ್ಕ ಜನರನ್ನು ಕೂಡಿಸಿ, ಸಾಮಾನ್ಯವಾಗಿ ಏಳು ದಿನ ಹಗಲು ರಾತ್ರಿ ಎಣಿಕೆ. ಆಮೇಲೆ ಎಲ್ಲವನ್ನೂ ಕಾರಿನ ಅಳತೆಗೆ ತರುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1990ರ ಕೋಷ್ಟಕದಲ್ಲಿ ಕಾರು 1, ಬೈಕು ಅರ್ಧ, ಬಸ್ಸು ಅಥವಾ ಲಾರಿ 3, ಟ್ರೇಲರು ಕಟ್ಟಿದ ಟ್ರ್ಯಾಕ್ಟರು 4.5.

“ಚಕ್ಕಡಿ?” ಎಂದು ಆಕೆ ಕೇಳಿದರು.

“ಎಂಟು.”

“ಏನಂದ್ರಿ?”

“ಎಂಟು ಕಾರಿನ ಸಮ, ಒಂದು ಎತ್ತಿನ ಗಾಡಿ. ಅಷ್ಟು ಜಾಗ, ಅಷ್ಟು ಹೊತ್ತು ಹಿಡೀತೈತಿ ಅಂತ.”

ಆಕೆಗೆ ಇದು ಬಹಳ ಹಿಡಿಸಿತು. ಅಂದರೆ ಸರಕಾರದ ಪುಸ್ತಕದಲ್ಲೇ ಚಕ್ಕಡಿಗೆ ಇಷ್ಟು ಬೆಲೆ! ಇಂಜಿನಿಯರು ಬೆಲೆಯಲ್ಲ, ಅಡಚಣೆಯ ಅಳತೆ ಎಂದು ತಿದ್ದಿದರು. ಆಕೆ ಅದನ್ನು ಕಿವಿಗೆ ಹಾಕಿಕೊಳ್ಳದೆ ಮುಂದಿನ ಪ್ರಶ್ನೆ ಕೇಳಿದರು. “ನಡಕೊಂಡ ಹೋಗಾವ್ರು ಎಷ್ಟು?”

“ಆ ಕೋಷ್ಟಕದಾಗ ಅವರಿಲ್ಲ.”

“ಮತ್ತ ಶ್ರೀಶೈಲಕ್ಕ ಹೋಗಾವ್ರು?”

ಈ ಪ್ರಶ್ನೆಗೆ ಸುಲಭ ಉತ್ತರವಿಲ್ಲ. ಯುಗಾದಿಗೆ ಮುಂಚಿನ ದಿನಗಳಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಸಾವಿರ ಸಾವಿರ ಜನ ಮಲ್ಲಯ್ಯನ ಪಾದಯಾತ್ರೆ ಹೊರಡುತ್ತಾರೆ. ಹೆಗಲ ಮೇಲೆ ಕಂಬಿ, ಕೈಯಲ್ಲಿ ಬೆತ್ತ, ಕಾಲಿಗೆ ಕೆಲವರಿಗೆ ಚಪ್ಪಲಿಯೂ ಇಲ್ಲ, ಕೆಲವರು ಮರಗಾಲ ಮೇಲೆ. ಲಿಂಗಸುಗೂರು, ರಾಯಚೂರು ಕಡೆಗೆ ಸಾಗುವ ದಾರಿಯುದ್ದಕ್ಕೂ ಊರಿನವರು ಪೆಂಡಾಲು ಹಾಕಿ ರೊಟ್ಟಿ, ಸಜ್ಜಕ, ಮಜ್ಜಿಗೆ ಕೊಡುತ್ತಾರೆ. ಕಾಲಿಗೆ ಎಣ್ಣೆ ತಿಕ್ಕುವವರೂ ಇದ್ದಾರೆ. ಮಾರ್ಚಿನ ಬಿಸಿಲಿಗೆ ಹೆದರಿ ಬಹಳ ಜನ ನಡೆಯುವುದು ಸಂಜೆಯ ಮೇಲೆ, ಬೆಳಗಿನ ಜಾವಕ್ಕೆ ಮುಂಚೆ. ಅಂದರೆ ಲಾರಿಗಳು ಜೋರಾಗಿ ಓಡುವ ಹೊತ್ತಿನಲ್ಲೇ. ವಾಹನ ಎಣಿಸುವ ಆ ಏಳು ದಿನ ದಸರೆಯಲ್ಲೋ ಮಳೆಗಾಲದಲ್ಲೋ ಬಂದರೆ, ಈ ಇಡೀ ಜನಸಾಗರ ಯೋಜನಾ ವರದಿಯಲ್ಲಿ ಒಂದು ಚುಕ್ಕೆಯೂ ಆಗುವುದಿಲ್ಲ. ಬಂದರೂ, ಕಾಲಿಗೆ ಅಂಕಿಯಿಲ್ಲ.

ಕೂಡಲಸಂಗಮ ಇದೇ ಹೆದ್ದಾರಿ 50ರಿಂದ ಒಳಕ್ಕೆ ತಿರುಗಿದರೆ ಸಿಗುತ್ತದೆ. ಅಲ್ಲಿಗೂ ನಡೆದು ಹೋಗುವವರಿದ್ದಾರೆ. ಈ ಸೀಮೆಯಲ್ಲಿ ನಡಿಗೆ ಬಡತನದ ಗುರುತು ಮಾತ್ರ ಅಲ್ಲ, ಹರಕೆಯೂ ಹೌದು. ಬೇರೆ ಊರಿನಲ್ಲಿ ಕುಳಿತು ನಕ್ಷೆ ಬರೆಯುವವರಿಗೆ ಇದನ್ನು ಯಾರಾದರೂ ಹೇಳಬೇಕು. ಹೇಳದಿದ್ದರೆ ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಇಂಜಿನಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನಾವೂ ಎಣಿಸೇವಿ ಒಂದ್ ಕಾಲಕ್ಕ. ಹಾಳಿ ಮ್ಯಾಲ ಗೆರಿ ಹಾಕ್ತಿದ್ವಿ. ಉದ್ದ ಹೋಗೋ ಗಾಡಿಗೆ ಗೆರಿ. ಅಡ್ಡ ಹಾದ್ರ, ಅದು ಕೂಡು ರಸ್ತಿ ಇದ್ದಲ್ಲಿ ಮಾತ್ರ. ಹೊಲದ ದಾರಿಗೆ ಯಾರು ಎಣಸ್ತಾರ?”

“ಅದನ್ನ ನಾವು ಎಣಸಬಾರದೇನು?”

“ಎಣಸ್ರಿ. ಬ್ಯಾಡ ಅಂದಾವ್ರು ಯಾರು? ಆದ್ರ ಹೊತ್ತಿನಾಗ ಎಣಸ್ರಿ.”

ಹೊತ್ತಿನ ಮಾತು ದೊಡ್ಡದು. ಅದಕ್ಕೆ ಬರುವ ಮೊದಲು ಖಾನಾವಳಿಯ ಕಷ್ಟವನ್ನೂ ಕೇಳಬೇಕು, ಏಕೆಂದರೆ ಆಕೆಗೆ ಅದೂ ಅಷ್ಟೇ ಮುಖ್ಯ. ದೂರದ ವಾಹನಗಳು ಊರೊಳಗೆ ಬರುವುದು ನಿಂತ ಮೇಲೆ ಮಧ್ಯಾಹ್ನದ ಊಟಕ್ಕೆ ಬರುವ ಲಾರಿ ಚಾಲಕರು ಕಡಿಮೆಯಾದರು. ಎಣ್ಣೆಗಾಯಿ, ಶೇಂಗಾ ಚಟ್ನಿ, ಬಿಸಿ ರೊಟ್ಟಿ ಎಲ್ಲ ಇದ್ದರೂ ಈಗ ಬರುವವರು ತಾಲೂಕು ಕಚೇರಿಗೆ, ಕೋರ್ಟಿಗೆ ಬಂದ ಹಳ್ಳಿಯವರು. “ಅವರು ಬುತ್ತಿ ಕಟಗೊಂಡ ಬರ್ತಾರ. ನನ್ನ ಹತ್ರ ಬರೇ ನೀರು, ಉಪ್ಪಿನಕಾಯಿ.”

ಇದು ಹುನಗುಂದದ ಕತೆ ಮಾತ್ರವಲ್ಲ. 2023ರ ಮಾರ್ಚಿನಲ್ಲಿ ಪ್ರಧಾನಿ ಉದ್ಘಾಟಿಸಿದ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಹೊರಗಿಟ್ಟು ಓಡಿತು. ಚನ್ನಪಟ್ಟಣದ ಗೊಂಬೆ ಅಂಗಡಿಯವರು, ಮದ್ದೂರಿನ ವಡೆಯವರು ಗಿರಾಕಿ ಕರಗಿದ್ದನ್ನು ಪತ್ರಿಕೆಗಳಲ್ಲಿ ಹೇಳಿಕೊಂಡರು. ಊರೊಳಗಿನ ಹೊಗೆ, ಹಾರನ್ನು, ಸಿಕ್ಕಿಕೊಂಡ ಬಸ್ಸು ಹೋದದ್ದಕ್ಕೆ ಅದೇ ಊರಿನ ಬೇರೆ ಜನ ಸಂತೋಷಪಟ್ಟರು ಎಂಬುದೂ ನಿಜ. ಬೈಪಾಸು ಊರಿನ ಎಲ್ಲರಿಗೂ ಒಂದೇ ಸುದ್ದಿಯಲ್ಲ. ಹುನಗುಂದದಿಂದ ಬಾಗಲಕೋಟೆಗೆ ಹೋಗುವ ದಾರಿಯಲ್ಲಿರುವ ಅಮೀನಗಡವನ್ನೇ ನೋಡಿ. ಅಲ್ಲಿ ಇಳಿದು ಒಂದು ಡಬ್ಬಿ ಕರದಂಟು ಕೊಳ್ಳುವುದು ಈ ಭಾಗದ ಪ್ರಯಾಣಿಕರ ರೂಢಿ. ಹೊಸ ಕಾರಿಡಾರು ಅಮೀನಗಡದಿಂದ ಎಷ್ಟು ದೂರ ಹಾಯುತ್ತದೆ, ಅಲ್ಲಿಗೆ ಇಳಿಯಲು ದಾರಿ ಎಲ್ಲಿ ಕೊಡುತ್ತಾರೆ ಎಂಬುದರ ಮೇಲೆ ಎಷ್ಟೋ ಒಲೆಗಳು ನಿಂತಿವೆ.

“ಕರದಂಟು ಫೇಮಸ್ ಐತಿ, ಹುಡುಕ್ಕೊಂಡ ಹೋಗ್ತಾರ,” ಎಂದು ಆಕೆ ಒಪ್ಪಲಿಲ್ಲ. “ರೊಟ್ಟಿ ಹುಡುಕ್ಕೊಂಡ ಯಾರ ಬರ್ತಾರ್ರಿ?”

“ಅದಕ್ಕೂ ಪರಿಹಾರ ಕೇಳಾಕ ಬರತೈತಿ,” ಎಂದರು ಇಂಜಿನಿಯರು. ಆಕೆ ನಂಬದವರಂತೆ ನೋಡಿದರು.

ಬಾಗಲಕೋಟೆ ಜಿಲ್ಲೆಯ ಜನಕ್ಕೆ ಭೂಸ್ವಾಧೀನದ ಪಾಠ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಹಳೇ ಬಾಗಲಕೋಟೆಯ ಓಣಿಗಳನ್ನು ನುಂಗಿತು, ನವನಗರ ಎದ್ದಿತು. ಒಂದು ಮನೆತನದ ಮೂರು ತಲೆಮಾರು ನೋಟಿಸು, ಅವಾರ್ಡು, ಕೋರ್ಟು ಎಂಬ ಶಬ್ದಗಳ ನಡುವೆಯೇ ಬೆಳೆದದ್ದುಂಟು. ಅಣೆಕಟ್ಟಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಮೂರನೇ ಹಂತಕ್ಕೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿತು. ಅಂದಿನಿಂದ ಕಟ್ಟೆಯ ಮೇಲಿನ ಪ್ರತಿ ಮಾತಿಗೂ ಆ ಅಂಕಿಯೇ ಅಳತೆಗೋಲು.

“ಹೊಳಿಗೆ ನಾಲ್ವತ್ತು ಲಕ್ಷ ಆದ್ರ ರಸ್ತಿಗೆ ಎಷ್ಟು?”

“ಹಂಗ ಹೋಲಸಾಕ ಬರೂದಿಲ್ರಿ ಅಕ್ಕಾರ. ಅದು ರಾಜ್ಯದ ಯೋಜನೆ, ಒಪ್ಪಂದದ ದರ. ಹೆದ್ದಾರಿಗೆ 1956ರ ಕಾಯ್ದೆ ಐತಿ.”

ಆ ಕಾಯ್ದೆಯ ನಡೆಯನ್ನು ಅವರು ರೊಟ್ಟಿ ಆರುವಷ್ಟು ವಿವರವಾಗಿ ಹೇಳಿದರು. ಮೊದಲು 3ಎ ಕಲಮಿನ ಅಧಿಸೂಚನೆ ರಾಜಪತ್ರದಲ್ಲಿ ಬರುತ್ತದೆ. ಅದರ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಹಾಕಬೇಕು, ಒಂದು ಆಯಾ ಭಾಷೆಯದೇ ಆಗಿರಬೇಕು. ಅಧಿಸೂಚನೆ ಪ್ರಕಟವಾದ ದಿನದಿಂದ 21 ದಿನದೊಳಗೆ ತಕರಾರನ್ನು ಬರಹದಲ್ಲಿ ಕೊಡಬೇಕು. ಅಧಿಕಾರಿ ಅದನ್ನು ಕೇಳಿ ತಳ್ಳಿಹಾಕಬಹುದು, ಒಪ್ಪಬಹುದು. ನಂತರ 3ಡಿ ಘೋಷಣೆ. ಅದು ಪ್ರಕಟವಾದ ಗಳಿಗೆಗೆ ಜಮೀನು ಕೇಂದ್ರ ಸರಕಾರದ್ದು. ಹಣದ ಜಗಳ ಆಮೇಲೂ ಆಡಬಹುದು. ರಸ್ತೆ ಇಲ್ಲಿ ಬೇಡ, ಅಲ್ಲಿ ಬರಲಿ ಎನ್ನುವ ಜಗಳಕ್ಕೆ ಈ ಕಾಯ್ದೆ ಕೊಡುವ ಕಿಟಕಿ ಆ 21 ದಿನ. 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರದ ನಿಯಮಗಳು 2015ರಿಂದ ಹೆದ್ದಾರಿಗೂ ಅನ್ವಯಿಸುತ್ತವೆ, ಆದರೆ ಅದೇ ಕಾಯ್ದೆಯ ಸಾಮಾಜಿಕ ಪರಿಣಾಮದ ಅಧ್ಯಯನ ಅನ್ವಯಿಸುವುದಿಲ್ಲ. ಹಣ ದಾಟಿ ಬಂತು, ಪ್ರಶ್ನೆ ಕೇಳುವ ಹಕ್ಕು ಆಚೆ ದಡದಲ್ಲೇ ಉಳಿಯಿತು.

ಹಣದ ಮಟ್ಟಿಗೆ ರೈತರ ಕೈ ಈಗ ಸ್ವಲ್ಪ ಗಟ್ಟಿ. ಹೆದ್ದಾರಿಗೆ ಜಮೀನು ಕಳಕೊಂಡವರಿಗೆ ಸೊಲೇಷಿಯಂ (ಬಲವಂತದ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಹಣ) ಮತ್ತು ಬಡ್ಡಿ ಇಲ್ಲ ಎನ್ನುತ್ತಿದ್ದ ಕಲಮನ್ನು ಸುಪ್ರೀಂ ಕೋರ್ಟು 2019ರಲ್ಲಿ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ತಳ್ಳಿಹಾಕಿತು. ಆ ತೀರ್ಪು ಹಿಂದಿನ ಪ್ರಕರಣಗಳಿಗೂ ಸಲ್ಲುತ್ತದೆ ಎಂದು 2025ರ ಫೆಬ್ರುವರಿಯಲ್ಲಿ ಮತ್ತೆ ಹೇಳಿತು. ಇದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವುದು ಇನ್ನೊಂದು. ಹೊಲ ಎರಡು ಹೋಳಾಗಿ ಉಳಿದ ಭಾಗಕ್ಕೆ ಆದ ನಷ್ಟ, ದುಡಿಮೆಗೆ ಬಿದ್ದ ಪೆಟ್ಟು, ಮನೆ ಅಥವಾ ವ್ಯಾಪಾರವನ್ನು ಬೇರೆಡೆಗೆ ಒಯ್ಯುವ ಖರ್ಚು, ಇವೆಲ್ಲವನ್ನೂ ಪರಿಹಾರದ ಲೆಕ್ಕದಲ್ಲಿ ಹಿಡಿಯಬೇಕೆಂದು ಕಾನೂನು ಹೇಳುತ್ತದೆ. ಜಮೀನು ಹೋದವರು ಗುಂಟೆಗೆ ಎಷ್ಟು ಎಂಬುದಕ್ಕೆ ಬಡಿದಾಡುತ್ತಾರೆ, ಹೋಳಾದದ್ದನ್ನು ಅರ್ಜಿಯಲ್ಲಿ ಬರೆಯುವುದಿಲ್ಲ.

“ನಂದು ಒಂದ್ ಗುಂಟೆನೂ ಹೋಗಿಲ್ಲಲ್ರಿ. ದಾರಿ ಅಷ್ಟ ಹೋತು.”

“ಅಲ್ಲೇ ತೊಡಕು ಇರೂದು,” ಎಂದು ಇಂಜಿನಿಯರು ಒಪ್ಪಿಕೊಂಡರು. ಜಮೀನು ಹೋಗದೆ ದಾರಿ ಮಾತ್ರ ಹೋದವರು, ಜಾಗ ಹೋಗದೆ ಗಿರಾಕಿ ಮಾತ್ರ ಹೋದವರು ಈ ಪಟ್ಟಿಯಲ್ಲಿ ಸುಲಭಕ್ಕೆ ಕೂರುವುದಿಲ್ಲ. ಅಂಥವರಿಗೆ ಉಳಿಯುವುದು ರಸ್ತೆ ಬರುವ ಮೊದಲಿನ ಮಾತು. ದೊಡ್ಡ ಹೊಸ ಹೆದ್ದಾರಿಗೆ ಪರಿಸರ ಅನುಮತಿ ಬೇಕಾದಾಗ 2006ರ ಅಧಿಸೂಚನೆಯಂತೆ ಜಿಲ್ಲೆಯಲ್ಲಿ ಸಾರ್ವಜನಿಕ ಅಹವಾಲು ನಡೆಯುತ್ತದೆ. 30 ದಿನದ ನೋಟಿಸು ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಇರಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ಅಲ್ಲಿ ಆಡಿದ ಮಾತು ದಾಖಲೆಗೆ ಹೋಗುತ್ತದೆ. ಜಮೀನು ಇದ್ದವರೇ ಬರಬೇಕೆಂಬ ಕಟ್ಟಿಲ್ಲ. ಖಾನಾವಳಿಯವರೂ ಹೋಗಬಹುದು, ಪಾದಯಾತ್ರೆಯವರೂ ಹೋಗಬಹುದು.

ಆಕೆಗೆ ಕಾಗದದ ಮೇಲೆ ಅಷ್ಟು ನಂಬಿಕೆಯಿಲ್ಲ. “ಸುರತ್ಕಲ್ಲಿನಾವ್ರು ಅರ್ಜಿ ಕೊಟ್ಟು ಟೋಲ್ ತಗಸಿದ್ರೇನು?” ಎಂದು ಕೇಳಿದರು. ಇಲ್ಲ, ತೆಗೆಸಿದ್ದು ಧರಣಿ ಕೂತು. ಮಂಗಳೂರಿನ ಹತ್ತಿರ ಸುರತ್ಕಲ್ಲಿನ ಎನ್‌ಐಟಿಕೆ ಬಳಿ ಇದ್ದ ಟೋಲ್‌ಗೇಟಿನ ವಿರುದ್ಧ ವರ್ಷಗಟ್ಟಲೆ ಕೂಗೆದ್ದಿತ್ತು. 2022ರ ಅಕ್ಟೋಬರ್ ಕೊನೆಯಿಂದ ಹಗಲು ರಾತ್ರಿ ಧರಣಿ ಕೂತ ಮೇಲೆ ಡಿಸೆಂಬರ್ 1ರಿಂದ ಅಲ್ಲಿ ವಸೂಲಿ ನಿಂತಿತು. ಆದರೆ ಆ ಹಣವನ್ನು ಹೆಜಮಾಡಿಯ ಗೇಟಿಗೆ ಸೇರಿಸುವ ಮಾತು ಬಂದಾಗ ಈ ಸಲ ಉಡುಪಿ ಕಡೆಯವರು ಸಿಟ್ಟಾದರು.

ಇಂಜಿನಿಯರು ಕೊಟ್ಟ ಉದಾಹರಣೆ ಕಹಿಯಾದದ್ದು. ಹುಬ್ಬಳ್ಳಿ–ಧಾರವಾಡ ಬೈಪಾಸು ಸುಮಾರು 30 ಕಿಲೋಮೀಟರು. ಎರಡೂ ಬದಿಗೆ ಅಗಲವಾದ ಹೆದ್ದಾರಿ, ನಡುವೆ ಈ ತುಂಡು ಮಾತ್ರ ಎರಡೇ ಪಥ ಇತ್ತು, ಡಿವೈಡರಿರಲಿಲ್ಲ, ಮೇಲೆ ಟೋಲು. ಜನ ವರ್ಷಗಟ್ಟಲೆ ಅಗಲ ಮಾಡಿರೆಂದು ಕೇಳಿದರು. 2021ರ ಜನವರಿ 15ರಂದು ಇಟಿಗಟ್ಟಿಯ ಹತ್ತಿರ ಗೋವೆಗೆ ಹೊರಟಿದ್ದ ದಾವಣಗೆರೆಯ ಗೆಳತಿಯರ ಟೆಂಪೊ ಟ್ರಾವೆಲರಿಗೂ ಟಿಪ್ಪರಿಗೂ ಡಿಕ್ಕಿಯಾಗಿ 11 ಜನ ಸತ್ತರು. ಸತ್ತವರ ಮನೆಯವರು ಅದೇ ಬೈಪಾಸಿಗೆ ಬಂದು ಪ್ರತಿಭಟಿಸಿದರು. ಅಗಲೀಕರಣದ ಕೆಲಸ ಆಮೇಲೆ ಕೈಗೆತ್ತಿಕೊಂಡರು.

“ನೋಡ್ರಿ, ಅಲ್ಲಿ ಅಗಲ ಮಾಡ್ರಿ ಅಂತ ಬೀದಿಗೆ ಬಂದ್ರು. ನೀವಿಲ್ಲಿ ಅಗಲ ಆಗಿದ್ದಕ್ಕ ಸಿಟ್ಟಾಗೀರಿ.”

“ನಾ ಅಗಲಕ್ಕ ಸಿಟ್ಟಾಗಿಲ್ಲ. ಕೆಳಗ ಒಂದು ದಾರಿ ಬಿಡ್ರಿ ಅನ್ನಾಕತ್ತೇನಿ.”

ಕೆಳಗಿನ ದಾರಿ, ಅಂದರೆ ಅಂಡರ್‌ಪಾಸು. ಇಲ್ಲಿ ಇಬ್ಬರಿಗೂ ಒಂದೇ ಬೇಕಾಗಿತ್ತು, ಆದರೆ ಎತ್ತರಕ್ಕೆ ಜಗಳ. ಹೆದ್ದಾರಿ ಕಟ್ಟುವವರ ಈಗಿನ ಕೈಪಿಡಿಯಲ್ಲಿ ದೊಡ್ಡ ವಾಹನಗಳ ಅಂಡರ್‌ಪಾಸು 5.5 ಮೀಟರು ಎತ್ತರ, ಹಗುರ ವಾಹನಗಳದ್ದು 4 ಮೀಟರು. ನಾಲ್ಕು ಸಾಕು ಎಂದರು ಇಂಜಿನಿಯರು. ಜೋಳದ ಕಣಕಿ ಹೇರಿದ ಟ್ರೇಲರು ನೋಡಿದ್ದೀರಾ ಎಂದು ಆಕೆ ಕೇಳಿದರು. ಅತಿ ಹೇರುವುದು ಕಾನೂನಿಗೆ ವಿರುದ್ಧ ಎಂದು ಅವರು. ದನಕ್ಕೆ ಕಾನೂನು ತಿನ್ನಿಸಲೇನು ಎಂದು ಆಕೆ.

ನೀರಿನ ಪ್ರಶ್ನೆ ಇದಕ್ಕಿಂತ ಬಿಗಿ. ಇದು ಎರಿ ನೆಲ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ನೀರನ್ನು ಬೇಗ ಇಂಗಿಸಿಕೊಳ್ಳುವುದಿಲ್ಲ. ಇಂಥಲ್ಲಿ ಅಂಡರ್‌ಪಾಸು ಬೇಕೆಂದರೆ ರಸ್ತೆಯನ್ನು ಮಣ್ಣಿನ ಏರಿಯ ಮೇಲೆ ಒಯ್ಯಬೇಕು. ಏರಿ ಬಂದಲ್ಲಿ ಇಳಿಜಾರಿನ ನೀರು ತಡೆದು ಮೇಲ್ಗಡೆಯ ಹೊಲದಲ್ಲಿ ನಿಲ್ಲುತ್ತದೆ, ಮೋರಿಗಳು ಸಾಲದಿದ್ದರೆ ಹಿಂಗಾರಿ ಬಿತ್ತನೆ ತಡವಾಗುತ್ತದೆ. ಏರಿಯನ್ನು ತಗ್ಗಿಸಿ ಅಂಡರ್‌ಪಾಸನ್ನು ನೆಲಕ್ಕಿಂತ ಆಳಕ್ಕೆ ತೋಡಿದರೆ ಅದೇ ಕೆರೆಯಾಗುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಬಾದಾಮಿ, ಹುನಗುಂದ ಕಡೆಯ ಹೊಳೆದಂಡೆಯ ಹಳ್ಳಿಗಳು ಕಂಡದ್ದನ್ನು ಬಲ್ಲವರಿಗೆ ನೀರು ನಿಲ್ಲುವ ಜಾಗ ಯಾವುದು ಎಂದು ನಕ್ಷೆ ಬೇಡ. ಜೊತೆಗೆ ಈ ತಾಲೂಕಿನಲ್ಲಿ ರಾಮಥಾಳ ಹನಿ ನೀರಾವರಿ ಯೋಜನೆಯ ಪೈಪುಗಳು ನೆಲದೊಳಗೆ ಹಬ್ಬಿವೆ. ಅದರ ಗುರಿ 24,000 ಹೆಕ್ಟೇರು. ಹೊಸ ರಸ್ತೆ ಅವುಗಳನ್ನು ದಾಟುವ ಕಡೆಗಳಲ್ಲಿ ಮೊದಲೇ ಕೊಳವೆ ಹಾಕಿ ಬಿಡದಿದ್ದರೆ, ಆಮೇಲೆ ಒಂದು ಸೋರಿಕೆಗೆ ಹೆದ್ದಾರಿ ಅಗೆಯಲು ಯಾರ ಅನುಮತಿ ಕೇಳುವುದು?

“ಹಂಗಾದ್ರ ಅರ್ಜ್ಯಾಗ ಏನೇನ್ ಬರಿಯೂದು, ಹೇಳ್ರಿ,” ಎಂದು ಆಕೆ ಬಿಲ್ಲು ಬರೆಯುವ ಪುಸ್ತಕವನ್ನು ಮುಂದೆ ಸರಿಸಿದರು.

“ಮೊದಲು ಸರ್ವೇ ನಂಬರು. ಆಮೇಲೆ ಯಾವ ದಾರಿ, ಎಷ್ಟು ಮನಿಯವ್ರು, ದಿನಕ್ಕ ಎಷ್ಟು ಸಲ ಹಾಯ್ತಾರ. ಚಕ್ಕಡಿ ಬ್ಯಾರೆ, ಟ್ರ್ಯಾಕ್ಟರ್ ಬ್ಯಾರೆ, ದನ ಬ್ಯಾರೆ, ಸಾಲಿ ಹುಡುಗ್ರು ಬ್ಯಾರೆ. ಸುಗ್ಗ್ಯಾಗ ಒಂದ್ ವಾರ ಎಣಸ್ರಿ, ಮಳ್ಯಾಗ ಒಂದ್ ವಾರ. ಯುಗಾದಿ ಮುಂದ ಪಾದಯಾತ್ರಿ ಎಣಸ್ರಿ, ರಾತ್ರಿ ಎಷ್ಟು, ಹಗಲು ಎಷ್ಟು. ಗ್ರಾಮ ಪಂಚಾಯಿತಿ ಠರಾವು ಲಗತ್ತಿಸ್ರಿ. ನೀರು ನಿಲ್ಲೋ ಜಾಗದ ಫೋಟೊ, ತಾರೀಖು ಸಮೇತ.”

“ರಾತ್ರಿ ಎಣಸಾಕ ಯಾರು ಕೂಡ್ತಾರ್ರಿ?”

“ಪೆಂಡಾಲ್ ಹಾಕಿ ಮಜ್ಜಿಗಿ ಕೊಡಾವ್ರು ಹೆಂಗೂ ಕೂತಿರ್ತಾರಲ್ಲ. ಅವರ ಕೈಯಾಗ ಒಂದ್ ಹಾಳಿ ಕೊಡ್ರಿ.”

ಆಕೆ ಬರೆದುಕೊಂಡರು. ಎತ್ತರದ ಕಾಲಮಿನಲ್ಲಿ, ಇಂಜಿನಿಯರು ಬೇಡ ಬೇಡ ಎನ್ನುತ್ತಿದ್ದರೂ, 5.5 ಎಂದೇ ಹಾಕಿದರು.